ಮಡಿಚದ ಹನ್ನೊಂದನೇ ಪುಟ

ನಮ್ಮ ಪರಿಚಯ ಶುರುವಾದದ್ದು ಜಗಳದಿಂದ. ಶಾಸನಸಭೆಯ ಕಟ್ಟಡದ ನೆಲಮಹಡಿಯಲ್ಲಿ ಮಸೂದೆಗಳ ಪ್ರತಿ ಕೊಡುವ ಕೌಂಟರ್ ಇದೆ. ಅಲ್ಲಿಂದ ತಂದ ಪ್ರತಿಯಲ್ಲಿ ಹನ್ನೊಂದನೇ ಪುಟವೇ ಇರಲಿಲ್ಲ. ಆಫೀಸಿಗೆ ಬಂದು, ಅದು ಗೊತ್ತಾಗಿ, ಉರಿಬಿಸಿಲಲ್ಲಿ ಮತ್ತೆ ವಾಪಸು ಹೋದವಳಿಗೆ ಮೈಯೆಲ್ಲ ಕೋಪ.

"ಒಂದು ಪುಟ ತಾನೇ, ಯಾರು ನೋಡ್ತಾರೆ?" ಎಂದ ಕೌಂಟರಿನ ಗುಮಾಸ್ತ.

"ನಾನು ನೋಡ್ತೀನಿ. ಮೊದಲಿಂದ ಕೊನೇವರೆಗೂ ಒಂದಕ್ಷರ ಬಿಡದೆ ಓದ್ತೀನಿ."

ಅವನು ತಲೆ ಎತ್ತಿದ. ನಗು ತಡೆಯಲು ಕೆಳತುಟಿ ಕಚ್ಚಿಕೊಂಡದ್ದು ಕಾಣಿಸಿತು. ಜಂಬಕ್ಕೆ ಆಡಿದ ಆ ಮಾತನ್ನು ಅವನು ಪೂರ್ತಿ ನಂಬಿಬಿಟ್ಟ.

ನಮ್ಮದು ನಾಲ್ಕು ಜನರ ಪುಟ್ಟ ಆಫೀಸು. ಹವಾಮಾನ, ಸೌರ ವಿದ್ಯುತ್ತು, ಗಾಳಿಯಂತ್ರ, ಕಾರ್ಖಾನೆಯ ಹೊಗೆ ಇವುಗಳ ಬಗ್ಗೆ ಸಭೆಗೆ ಯಾವ ಮಸೂದೆ ಬಂತು, ಸಮಿತಿಯಲ್ಲಿ ಏನು ಬದಲಾಯಿತು, ಪಾಸಾಯಿತೋ ಬಿತ್ತೋ ಎಂದು ಬೆನ್ನು ಹತ್ತಿ ಬರೆದಿಡುವುದು ನನ್ನ ಕೆಲಸ. ಯಾರೋ ಬರೆದದ್ದನ್ನು ಕಾಯುವುದೂ ಒಂದು ಕೆಲಸವಾ ಎಂದು ಅಮ್ಮ ಗೊಣಗುತ್ತಿದ್ದಳು. ನಾನೋ, ಕೌಂಟರಿಗೆ ಹೋಗುವ ದಿನ ಎರಡೆರಡು ಸಲ ತಲೆ ಬಾಚುತ್ತಿದ್ದೆ.

ಅವನು ನನ್ನನ್ನು 'ಹನ್ನೊಂದನೇ ಪುಟದವರು' ಎಂದೇ ಕರೆಯತೊಡಗಿದ. ಬದಲಾದ ಪುಟಗಳ ಮೂಲೆ ಮಡಿಚಿ ಕೊಡುತ್ತಿದ್ದ, ನಿಮ್ಮ ಕಣ್ಣಿಗೂ ಸ್ವಲ್ಪ ರೆಸ್ಟ್ ಸಿಗಲಿ ಅನ್ನುತ್ತಿದ್ದ. ಒಮ್ಮೆಯೂ ತಪ್ಪು ಮಡಿಚಲಿಲ್ಲ. ಬರುಬರುತ್ತಾ ನಾನು ಮಡಿಚಿದ್ದನ್ನಷ್ಟೇ ಓದುವವಳಾದೆ. ಉಳಿದ ಅರ್ಧ ಗಂಟೆಯನ್ನು ಆ ಕೌಂಟರಿಗೆ ಒರಗಿಕೊಂಡು ಹರಟೆಯಲ್ಲಿ ಕಳೆಯುತ್ತಿದ್ದೆ. ಇದನ್ನು ಮಾತ್ರ ಅವನಿಗೆ ಹೇಳಲಿಲ್ಲ.

ಆ ವರ್ಷ ಛಾವಣಿ ಮಸೂದೆ ಬಂತು. ಮನೆಯ ಮೇಲೆ ತಯಾರಾಗುವ ಸೌರ ವಿದ್ಯುತ್ತಿನಲ್ಲಿ ಬಾಡಿಗೆಯವರಿಗೂ ಪಾಲು ಕೊಡಬೇಕು ಎನ್ನುವ ಮಸೂದೆ. "ಇದು ಪಾಸಾದ್ರೆ ನಮ್ಮಂಥೋರಿಗೂ ಬಿಸಿಲಲ್ಲಿ ಪಾಲು" ಎಂದ. ಆ 'ನಮ್ಮಂಥೋರ'ಲ್ಲಿ ನಾನೂ ಸೇರಿದ್ದೀನಾ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಇಬ್ಬರ ಮನೆಯಲ್ಲೂ ಬೇರೆ ಬೇರೆ ಕಡೆ ಮದುವೆಯ ಮಾತು ನಡೆದಿತ್ತು. ಅವನೇ ಮೊದಲು ಕೇಳಲಿ ಎಂದು ನಾನು ಬಿಗುಮಾನದಲ್ಲಿ ಕೂತೆ.

ಒಂದು ಶುಕ್ರವಾರ, ಸಮಿತಿ ತಿದ್ದಿದ ಪ್ರತಿ ಕೊಡುವಾಗ ಅವನು ಅದನ್ನು ತಕ್ಷಣ ಕೈಬಿಡಲಿಲ್ಲ. ಪೂರ್ತಿ ಓದಿ ಎಂದ. ಓದದೆ ಇರ್ತೀನಾ ಎಂದು ನಕ್ಕು ಬಂದೆ. ಮೂರು ಮೂಲೆ ಮಡಿಚಿದ್ದ. ಮೂರು ಪುಟ ಓದಿ, ವರದಿ ಬರೆದು, ಪ್ರತಿಯನ್ನು ಫೈಲಿಗೆ ಸೇರಿಸಿದೆ.

ಮಂಗಳವಾರ ಹೋದರೆ, ಬರೀ "ಮೇಡಂ" ಎಂದ. ಮುಖ ನೋಡಲಿಲ್ಲ. ಎರಡು ತಿಂಗಳಿಗೆ ಅವನ ಮದುವೆಯ ಕಾರ್ಡು ನನ್ನ ಕೈಯಲ್ಲಿತ್ತು. ಒಳ್ಳೆಯದಾಗಲಿ ಎಂದೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಕಣ್ಣೇಕೆ ಕೆಂಪಗಿದೆ ಎಂದು ಅಕ್ಕ ಕೇಳಿದ್ದಕ್ಕೆ ಸೋಪು ಹೋಯಿತು ಎಂದೆ. ಆಮೇಲೆ ಕೌಂಟರಿಗೆ ಸಹೋದ್ಯೋಗಿಯನ್ನೇ ಕಳಿಸುತ್ತಿದ್ದೆ. ಬಾಯಿಬಿಟ್ಟು ಒಂದು ಮಾತು ಕೇಳಲಾಗದ ಪುಕ್ಕಲ ಎಂದು ಅವನನ್ನು ಒಂದೂವರೆ ವರ್ಷ ಬೈದುಕೊಂಡೆ. ಅಷ್ಟರಲ್ಲಿ ಸಭೆಯ ಅವಧಿ ಮುಗಿದು, ಬಾಕಿಯಿದ್ದ ಮಸೂದೆಗಳೆಲ್ಲ ತಾವಾಗಿಯೇ ಬಿದ್ದುಹೋದವು. ಛಾವಣಿ ಮಸೂದೆಯೂ ಹೋಯಿತು.

ಹೊಸ ಸಭೆ ಅದನ್ನು ಮತ್ತೆ ತಂದಿತು. ಹೋಲಿಸಿ ನೋಡಲು ಹಳೆಯ ಪ್ರತಿ ತೆಗೆದೆ. ಈ ಸಲ ಮಡಿಚಿ ಕೊಡುವವರಿಲ್ಲ, ಸಾಲು ಸಾಲಾಗಿ ಓದಬೇಕಾಯಿತು. ಮಡಿಚದ ಹನ್ನೊಂದನೇ ಪುಟದ ಬದಿಯಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳಿದ್ದವು.

'ಮನೇಲಿ ಬೇರೆ ಕಡೆ ಮಾತಾಡ್ತಿದ್ದಾರೆ. ನನಗೆ ನೀವೇ ಬೇಕು. ಸೋಮವಾರ ಮಧ್ಯಾಹ್ನ ಕ್ಯಾಂಟೀನಿಗೆ ಬಂದ್ರೆ ಅವರಿಗೆ ಬೇಡ ಅಂತೀನಿ. ಬರದಿದ್ರೆ ಮತ್ತೆ ಯಾವತ್ತೂ ಕೇಳಿ ನಿಮಗೆ ಮುಜುಗರ ಮಾಡಲ್ಲ.'

ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಹೊರಟೇಬಿಟ್ಟೆ.

ಕೌಂಟರಿನ ಗಾಜಿನಡಿ ಹಲ್ಲಿಲ್ಲದ ಮಗುವೊಂದರ ಫೋಟೋ ಇತ್ತು. ಅದರ ಪಕ್ಕದಲ್ಲೇ ಪುಟ ತೆರೆದಿಟ್ಟೆ. ಅವನು ಅದನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓದಿದ.

"ನಾಲ್ಕು ಗಂಟೆವರೆಗೂ ಕೂತಿದ್ದೆ" ಎಂದ.

"ನಾನು ಇದನ್ನ ಓದಿದ್ದು ಇವತ್ತು."

"ಒಂದಕ್ಷರ ಬಿಡಲ್ಲ ಅಂದಿದ್ರಿ."

"ಆಗ ಬಿಡ್ತಿರಲಿಲ್ಲ. ನೀವು ಮಡಿಚಿ ಕೊಡೋಕೆ ಶುರು ಮಾಡಿದ ಮೇಲೆ ಉಳಿದದ್ದು ಓದ್ತಿರಲಿಲ್ಲ. ಆ ಹೊತ್ತಲ್ಲಿ ಇಲ್ಲಿ ನಿಂತಿರ್ತಿದ್ದೆ."

ಅವನ ಬೆರಳು ಅಭ್ಯಾಸಬಲದಿಂದ ಪುಟದ ಮೂಲೆಗೆ ಹೋಗಿ ನಿಂತಿತು.

"ಓದಿದ್ದಿದ್ರೆ?"

"ಓಡಿ ಬರ್ತಿದ್ದೆ."

ಅವನು ಡ್ರಾಯರಿನಿಂದ ರಬ್ಬರು ತೆಗೆದ. ಬದಿಯ ಹತ್ತಿರ ತಂದವನು ಉಜ್ಜಲಾರದೆ ಮತ್ತೆ ಒಳಗಿಟ್ಟ. ಹಿಂದೆ ಇಬ್ಬರು ಸಾಲಿನಲ್ಲಿ ಕಾಯುತ್ತಿದ್ದರು. ಮಗು ನಿಮ್ಮ ಹಾಗೇ ಇದೆ ಎಂದು ಹೇಳಿ, ಪ್ರತಿ ಎತ್ತಿಕೊಂಡು ಬಂದೆ.

ಛಾವಣಿ ಮಸೂದೆ ಈ ಸಲ ಪಾಸಾಯಿತು. ಅಂತಿಮ ಪ್ರತಿಯನ್ನು ನಾನೇ ಹೋಗಿ ತಂದೆ. ಒಂದು ಮೂಲೆಯನ್ನೂ ಅವನು ಮಡಿಚಿರಲಿಲ್ಲ. ಮೊದಲಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಓದಿದೆ. ಹನ್ನೊಂದನೇ ಪುಟವನ್ನು ಎರಡು ಸಲ ಓದಿದೆ. ಅದರ ಬದಿ ಖಾಲಿಯಿತ್ತು.