ಖಾಲಿ ಬಿಟ್ಟ ಕಾಲಂ

"ಸರ್... ಗರ್ಭಿಣಿ ನೀವಾ?"

ನರ್ಸಮ್ಮನ ಪ್ರಶ್ನೆಗೆ ಕಾಯುವ ಕೋಣೆಯಲ್ಲಿದ್ದ ಒಂಬತ್ತು ಹೊಟ್ಟೆಗಳೂ ಒಟ್ಟಿಗೆ ಕುಲುಕಿದವು.

ಅವನೊಬ್ಬ ಮಾತ್ರ ನಗಲಿಲ್ಲ. ಹಸಿರು ಪೆನ್ನಿನ ಮುಚ್ಚಳ ಹಾಕುತ್ತಾ ಗಂಭೀರವಾಗಿ ಹೇಳಿದ, "ನಾನಲ್ಲ ಮೇಡಂ, ನನ್ನ ಹೆಂಡತಿ. ಬಾತ್‌ರೂಮಿಗೆ ಹೋಗಿದ್ದಾಳೆ."

"ಮತ್ತೆ ಅವರ ಸಹಿ ಜಾಗದಲ್ಲಿ ನೀವ್ಯಾಕೆ ಸಹಿ ಮಾಡಿದ್ರಿ? ಐದಕ್ಕೆ ಐದೂ ಟೆಸ್ಟಿಗೆ ಟಿಕ್ ಬೇರೆ ಹಾಕಿದ್ದೀರಿ! ಅವರನ್ನ ಕೇಳಿದ್ರಾ?"

"ಕೇಳೋದೇನಿದೆ? ಇರೋದನ್ನೆಲ್ಲಾ ಮಾಡಿಸಿಬಿಡೋಣ ಅಂತ..."

"ಏನನ್ನ ಮಾಡಿಸಿಬಿಡೋಣ ಅಂತ?"

ಹಿಂದಿನಿಂದ ಬಂದ ದನಿಗೆ ಅವನ ಬೆನ್ನು ನೆಟ್ಟಗಾಯಿತು. ಅವಳು ನಿಂತಿದ್ದಳು, ತೊಳೆದ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಫಾರಂ ಕಿತ್ತುಕೊಂಡು ಓದಿದಳು. ರಕ್ತ ಪರೀಕ್ಷೆ, ಟಿಕ್. ಮಗುವಿನ ಕತ್ತಿನ ಅಳತೆ ನೋಡುವ ಸ್ಕ್ಯಾನ್, ಟಿಕ್. ಮಗುವಿಗೆ ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಸಾಧ್ಯತೆ ಎಷ್ಟರಲ್ಲಿ ಒಂದು ಎಂದು ಲೆಕ್ಕ ಹೇಳುವ ಪರೀಕ್ಷೆ, ಟಿಕ್. ಐದನೇ ತಿಂಗಳ ದೊಡ್ಡ ಸ್ಕ್ಯಾನ್, ಟಿಕ್. ಅಗತ್ಯ ಬಿದ್ದರೆ ಹೊಟ್ಟೆಗೆ ಸೂಜಿ ಚುಚ್ಚಿ ಗರ್ಭದ ನೀರು ತೆಗೆಯುವುದು...

ಅದಕ್ಕೂ ಟಿಕ್!

ಕೆಳಗೆ ಅವನ ಸಹಿ. ಅವನು ಸಹಿ ಮಾಡಿದ್ದನ್ನು ಸಹಿಸಲು ಅವಳಿಂದ ಆಗಲಿಲ್ಲ.

"ಸೂಜಿ ಯಾರ ಹೊಟ್ಟೆಗೆ ಹೋಗುತ್ತೆ ಇನ್ಸ್‌ಪೆಕ್ಟರ್ ಸಾಹೇಬ್ರೇ? ನಿಮ್ಮದಕ್ಕಾ?"

ಕೋಪ ಬಂದಾಗ ಮಾತ್ರ ಅವಳು ಗಂಡನಿಗೆ ಬಹುವಚನ ಕೊಡುತ್ತಿದ್ದಳು. ಅವನಿಗೆ ಅರ್ಥವಾಯಿತು, ಪರಿಸ್ಥಿತಿ ಗಂಭೀರ.

"ಗಿಳಿ, ಸ್ವಲ್ಪ ಮೆತ್ತಗೆ..."

"ಟೆಸ್ಟಲ್ಲಿ ಏನಾದ್ರೂ ಬಂತು ಅಂತಿಟ್ಕೊಳ್ಳಿ. ಆಮೇಲೆ?"

"ಆಮೇಲೆ... ಮುಂದಿನ ಕ್ರಮ ನೋಡೋಣ."

ಮುಂದಿನ ಕ್ರಮ!

ಅವನು ಲಿಫ್ಟುಗಳ ಸುರಕ್ಷತಾ ಇನ್ಸ್‌ಪೆಕ್ಟರ್. ಜನರ ಏಳುಬೀಳು ನೋಡುವುದೇ ಉದ್ಯೋಗ. ಕೇಬಲ್ಲು ಸವೆದಿದ್ದರೆ, ಬ್ರೇಕು ಜಾರಿದರೆ 'ಮುಂದಿನ ಕ್ರಮ' ಎಂದು ಬರೆದು, ಬಾಗಿಲಿಗೆ ಕೆಂಪು ಚೀಟಿ ಅಂಟಿಸಿ ಬರುತ್ತಿದ್ದ. ಆ ಲಿಫ್ಟು ಮತ್ತೆ ಮೇಲೇಳುತ್ತಿರಲಿಲ್ಲ. ಆ ಎರಡು ಪದದ ಅರ್ಥ ಅವಳಿಗೆ ಬಾಯಿಪಾಠ.

'ನನ್ನ ಮಗುವಿಗೂ ಕೆಂಪು ಚೀಟಿನಾ?'

ಅವಳು ಸೊಂಟದ ಮೇಲೆ ಕೈಯಿಟ್ಟು ಮೂಗಿನಿಂದ ದನಿ ತೆಗೆದಳು. ಥೇಟ್ ಅವನದೇ ದನಿ. "'ಏನಮ್ಮಾ ಮಗು, ಎಷ್ಟು ತೂಕ? ತಡೆದುಕೊಳ್ಳೋ ಶಕ್ತಿ ಎಷ್ಟು? ಹೂಂ... ನಿಯಮಕ್ಕೆ ತಕ್ಕ ಹಾಗಿಲ್ಲ. ಮುಂದಿನ ಕ್ರಮ!'"

ಒಂಬತ್ತು ಹೊಟ್ಟೆಗಳಲ್ಲಿ ಈ ಸಲ ಯಾವುದೂ ಕುಲುಕಲಿಲ್ಲ.

"ಒಂದೇ ಮಾತು ಕೇಳ್ತೀನಿ," ಎಂದಳು, ಈಗ ತನ್ನದೇ ದನಿಯಲ್ಲಿ. "ಮಗು ಬೇರೆ ಥರ ಇದ್ರೆ ನಿಮಗೆ ಬೇಡ್ವಾ?"

ಅವನ ಬಾಯಿ ತೆರೆಯಿತು. ಮುಚ್ಚಿತು.

ನರ್ಸಮ್ಮ ಹೊಸ ಫಾರಂ ತೆಗೆದು ಅವಳ ಕೈಗಿಟ್ಟಳು. "ನೋಡಮ್ಮಾ, ಎಲ್ಲಾನೂ ಮಾಡಿಸಬಹುದು, ಒಂದೆರಡು ಮಾಡಿಸಬಹುದು, ಯಾವುದೂ ಬೇಡ ಅಂತಾನೂ ಅನ್ನಬಹುದು. ಹೇಳೋಳು ನೀನು. ಆದ್ರೆ ಹದಿಮೂರನೇ ವಾರ ನಡೀತಿದೆ, ಮೊದಲನೇ ಟೆಸ್ಟುಗಳಿಗೆ ಟೈಮಿಲ್ಲ. ನಾಳೆ ಹತ್ತು ಗಂಟೆಗೆ ಬಂದು ಹೇಳು."

ಅವಳು ಎರಡೂ ಫಾರಂಗಳನ್ನು ಚೀಲಕ್ಕೆ ತುರುಕಿ ಹೊರಟಳು. ಅವನ ಕಾರಿನತ್ತ ತಿರುಗಿಯೂ ನೋಡಲಿಲ್ಲ.

*

"'ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಕಾಯಿರಿ.'"

"ಅಮ್ಮಾ ತಾಯೀ," ಗಾಜಿನ ಆಚೆಯಿಂದ ಸೌಂಡ್ ಎಂಜಿನಿಯರ್ ಹೆಡ್‌ಫೋನ್ ಕಿತ್ತಿಟ್ಟ. "ಇದು ಗ್ರಾಹಕರ ಸೇವಾ ಕೇಂದ್ರಕ್ಕೆ ಮಾಡ್ತಿರೋ ರೆಕಾರ್ಡಿಂಗ್. ನೀವು ಹೇಳಿದ್ದು ಕೇಳಿದ್ರೆ ಮನೆ ಜಪ್ತಿಗೆ ಬಂದ ಹಾಗಿದೆ!"

ಅವಳು ಹದಿನೇಳನೇ ಸಲ ಮೈಕಿನ ಮುಂದೆ ಬಾಯಿ ತೆರೆದಳು. ದನಿ ಮಾರಿ ಬದುಕುವವಳು ಅವಳು. ಕಾರ್ಟೂನಿನ ಇಲಿ, ಜಾಹೀರಾತಿನ ಅಜ್ಜಿ, ರೈಲು ಬರುವ ಸೂಚನೆ, ಎಲ್ಲವೂ ಆ ಒಂದೇ ಗಂಟಲು. ಇವತ್ತು ಆ ಗಂಟಲಲ್ಲಿ ಕೋಪವೊಂದೇ ತುಂಬಿತ್ತು.

ನಾಲ್ಕು ವರ್ಷದ ಹಿಂದೆ ಅವಳ ಗಂಡ ಇದೇ ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಬಂದಿದ್ದ. "ಲಿಫ್ಟಿನಲ್ಲಿ 'ಬಾಗಿಲು ಮುಚ್ಚುತ್ತಿದೆ' ಅಂತ ಹೇಳೋ ಹೆಂಗಸು ಯಾರು? ಬಾಗಿಲು ಮುಚ್ಚಿ ಅರ್ಧ ಸೆಕೆಂಡ್ ಆದ್ಮೇಲೆ ಹೇಳ್ತಾರೆ!"

"ಬಾಗಿಲಿಗೆ ಅವಸರ ಇದ್ರೆ ಬಾಗಿಲನ್ನ ಕೇಳ್ರೀ," ಎಂದಿದ್ದಳು ಅವಳು.

ಅರ್ಧ ಗಂಟೆ ಜಗಳವಾಡಿದ್ದರು. ಹೋಗುವಾಗ ಅವನು ಬಾಗಿಲ ಬಳಿ ನಿಂತು, ಕಿವಿ ಕೆಂಪಗೆ ಮಾಡಿಕೊಂಡು ಹೇಳಿದ್ದ, "ದಿನಕ್ಕೆ ನಲವತ್ತು ಲಿಫ್ಟ್ ಹತ್ತಿ ಇಳೀತೀನಿ. ನಲವತ್ತರಲ್ಲೂ ನಿಮ್ಮ ದನಿ. ದೂರು ಬರೀ ನೆಪ... ಮುಖ ನೋಡ್ಬೇಕಿತ್ತು."

ಆ ಮನುಷ್ಯನೇ ಇವತ್ತು ಒಂದು ಪ್ರಶ್ನೆಗೆ ಉತ್ತರ ಕೊಡಲಿಲ್ಲ.

'ಬೇಕು ಅಂತ ಒಂದು ಪದ. ಒಂದೇ ಒಂದು ಪದ! ಅದಕ್ಕೂ ಅನುಮತಿ ಪತ್ರ ಬೇಕಿತ್ತಾ ಇವನಿಗೆ?'

"ಇವತ್ತು ಬಿಟ್ಬಿಡಿ," ಎಂದ ಎಂಜಿನಿಯರ್ ಮೆಲ್ಲಗೆ. "ಮೈಕ್ ಹೆದರ್ಕೊಂಡಿದೆ."

*

ಸಂಜೆ ಆರಕ್ಕೆ ಅವನು ಮನೆಗೆ ಬಂದಾಗ ಒಲೆಯ ಮೇಲೆ ಒಂದೇ ಲೋಟದಷ್ಟು ಚಹಾ ಕುದಿಯುತ್ತಿತ್ತು. ಅವನು ಅದನ್ನು ನೋಡಿದ.

ಅವಳು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಫಾರಂ ಹರವಿ ಕೂತಿದ್ದಳು. ಹರಿದು ಚೂರು ಮಾಡಲೆಂದೇ ತೆಗೆದಿದ್ದಳು, ಅವನ ಕಣ್ಣೆದುರೇ ಹರಿಯಬೇಕೆಂದು ಕಾದಿದ್ದಳು. ಕಾಯುತ್ತಾ ಓದಿದಳು. ಓದುತ್ತಾ ಒಂದು ಕಡೆ ಬೆರಳು ನಿಂತುಬಿಟ್ಟಿತ್ತು.

ಮೇಲಿನ ಅರ್ಧದಲ್ಲಿ ವಿವರಗಳು. ಎಲ್ಲವನ್ನೂ ಮುತ್ತು ಪೋಣಿಸಿದ ಹಾಗೆ ತುಂಬಿದ್ದ. ಒಂದು ಕಾಲಂ ಮಾತ್ರ ಖಾಲಿ.

'ಕುಟುಂಬದಲ್ಲಿ ಯಾರಿಗಾದರೂ ಹುಟ್ಟಿನಿಂದ ಬಂದ ತೊಂದರೆ ಇತ್ತೇ?'

ಇವನು ಖಾಲಿ ಬಿಡುವುದೇ? ಬಾಡಿಗೆ ಮನೆಯ ಅರ್ಜಿಯಲ್ಲಿ ಸಾಕುಪ್ರಾಣಿ ಇದೆಯೇ ಎಂದು ಕೇಳಿದ್ದಕ್ಕೆ 'ಇಲ್ಲ. ಒಂದು ಹಲ್ಲಿ ಇದೆ, ಸಾಕಿದ್ದಲ್ಲ' ಎಂದು ಬರೆದಿದ್ದ ಪ್ರಾಣಿ ಇವನು! ಏನೂ ಇಲ್ಲದಿದ್ದರೆ 'ಇಲ್ಲ' ಎಂದು ಬರೆಯದೆ ಇವನ ಪೆನ್ನು ಮುಂದೆ ಹೋಗದು.

"ಇಲ್ಲಿ ಬನ್ನಿ."

ಅವನು ಬಂದ. ಬೂಟು ಕೂಡ ಬಿಚ್ಚಿರಲಿಲ್ಲ.

"ಇದನ್ನ ಯಾಕೆ ಖಾಲಿ ಬಿಟ್ರಿ?"

"ಮರೆತೆ."

"ಸುಳ್ಳು."

"ಗಿಳಿ, ಸುಸ್ತಾಗಿದೆ..."

"ನಿಮಗೆ ಸುಸ್ತಾ? ಬೆಳಿಗ್ಗೆಯಿಂದ ನನ್ನ ಹೊಟ್ಟೆಯೊಳಗೆ ಬೆಂಕಿ ಹತ್ಕೊಂಡಿದೆ! ಬೇಡದ ಮಗು ಹೊತ್ಕೊಂಡು ತಿರುಗ್ತಿದ್ದೀನಾ ಅಂತ! ಬರೀರಿ ಇಲ್ಲಿ. 'ಇಲ್ಲ' ಅಂತ ಬರೀರಿ. ಎರಡೇ ಅಕ್ಷರ!"

ಅವಳು ಪೆನ್ನು ಅವನ ಎದೆಗೆ ಒತ್ತಿದಳು. ಅವನು ಅದನ್ನು ಕಸಿದು ಗೋಡೆಗೆ ಎಸೆದ. ಮದುವೆಯಾಗಿ ಮೂರು ವರ್ಷದಲ್ಲಿ ಅವನು ಏನನ್ನೂ ಎಸೆದವನಲ್ಲ.

"ಬರೆಯಕ್ಕಾಗಲ್ಲ ಕಣೇ! ಯಾಕಂದ್ರೆ ಇದ್ಳು! ನನಗೊಬ್ಬಳು ತಂಗಿ ಇದ್ಳು!"

ಚಹಾ ಉಕ್ಕಿ ಒಲೆಯ ಮೇಲೆ ಚೊರ್ರೆಂದಿತು. ಇಬ್ಬರೂ ಅತ್ತ ನೋಡಲಿಲ್ಲ.

"ನೀನು... ಒಬ್ಬನೇ ಮಗ ಅಲ್ವಾ?"

"ನಾಲ್ಕು ದಿನ ನಾನು ಅಣ್ಣ ಆಗಿದ್ದೆ." ಅವನು ಗೋಡೆಗೆ ಒರಗಿ ನೆಲಕ್ಕೆ ಜಾರಿದ. "ಏಳು ವರ್ಷ ನನಗೆ. ಹುಟ್ಟಿದ ಮಧ್ಯಾಹ್ನಾನೇ ಮೈ ನೀಲಿಯಾಯ್ತು. ಹೃದಯದ ರಕ್ತನಾಳ ಅದಲುಬದಲಾಗಿತ್ತಂತೆ. ನಮ್ಮದು ಸಣ್ಣ ಆಸ್ಪತ್ರೆ, ಅದನ್ನ ಪತ್ತೆ ಹಚ್ಚೋದಕ್ಕೇ ಮೂರು ದಿನ ಹೋಯ್ತು. ದೊಡ್ಡ ಆಸ್ಪತ್ರೆ ಮುಟ್ಟಿದಾಗ ಡಾಕ್ಟರ್ ಅಪ್ಪನಿಗೆ ಹೇಳಿದ್ದನ್ನ ನಾನೂ ಕೇಳಿಸ್ಕೊಂಡೆ. 'ಮೊದಲೇ ಗೊತ್ತಿದ್ದು ಇಲ್ಲೇ ಹೆರಿಗೆ ಆಗಿದ್ರೆ ಉಳಿಸಬಹುದಿತ್ತು' ಅಂತ. ಮೊದಲೇ ಗೊತ್ತಿದ್ದಿದ್ರೆ... ನಮ್ಮನೇಲಿ ಯಾರೂ ಆ ಮಾತು ಎತ್ತಲ್ಲ. ಎತ್ತಿದ್ರೆ ಅಮ್ಮ ಎರಡು ದಿನ ಕೋಣೆಯಿಂದ ಹೊರಗೇ ಬರಲ್ಲ."

ಬೇರೆ ಯಾರಾದರೂ ಆಗಿದ್ದರೆ ಈ ಹೊತ್ತಿಗೆ ಕರಗುತ್ತಿದ್ದರು. ಅವಳ ಕೋಪ ಇಮ್ಮಡಿಯಾಯಿತು, ಬಹುವಚನ ಮಾತ್ರ ಹೊರಟುಹೋಗಿತ್ತು.

"ಮೂರು ವರ್ಷ! ನಿನ್ನ ಬೂಟಿನ ಸೈಜಿಂದ ಹಿಡಿದು ಗೊರಕೆ ಶ್ರುತಿವರೆಗೆ ಗೊತ್ತು ನನಗೆ. ಇದನ್ನ ಹೇಳಕ್ಕಾಗಲಿಲ್ವಾ? ನಾನು ನಿನಗೆ ಮಗು ಬೇಡ ಅಂತ ಅಂದ್ಕೊಂಡು ಸಾಯ್ತಿದ್ದೆ ಕಣೋ!"

"ಬೇಡ್ವಾ ಅಂತ ಕೇಳಿದ್ಯಲ್ಲ, ಆಗ ಅವಳ ನೀಲಿ ತುಟಿ ಕಣ್ಮುಂದೆ ಬಂತು. ಬಾಯಿ ಕಟ್ಟಿಹೋಯ್ತು. ಬೇಡ ಅಂತಲ್ಲ ಗಿಳಿ... ಹೇಗಿದ್ರೂ ಬೇಕು. ಈ ಸಲ ಗೊತ್ತಿಲ್ಲದೆ ಕಳ್ಕೊಳ್ಳೋಕೆ ಮಾತ್ರ ನನ್ನಿಂದಾಗಲ್ಲ."

"ಅದಕ್ಕೆ ಕಂಡಕಂಡಿದ್ದಕ್ಕೆಲ್ಲಾ ಟಿಕ್ಕಾ?"

"ನನಗೆ ಗೊತ್ತಿರೋದು ಅದೊಂದೇ. ಒಂದನ್ನೂ ಬಿಡದೆ ನೋಡೋದು."

ಅವಳು ಒಲೆ ಆರಿಸಿ ಬಂದು ಅವನೆದುರು ನೆಲಕ್ಕೆ ಕೂತಳು.

"ಈಗ ನನ್ನ ಮಾತು ಕೇಳು. ಅಕ್ಕನಿಗೆ ಆ ಲೆಕ್ಕದ ಟೆಸ್ಟ್ ಮಾಡಿದ್ರಲ್ಲ, ನಲವತ್ತರಲ್ಲಿ ಒಂದು ಅಂತ ಬಂತು. ಉಳಿದ ಮೂವತ್ತೊಂಬತ್ತು ಅವಳ ಕಣ್ಣಿಗೆ ಕಾಣ್ಲೇ ಇಲ್ಲ. ಸೂಜಿ ಟೆಸ್ಟಿಗೆ ಗರ್ಭ ಹೋದ್ರೆ ಅಂತ ಹೆದರಿ ಬೇಡ ಅಂದ್ಳು. ಐದು ತಿಂಗಳು ಹೊಟ್ಟೆ ಮೇಲೆ ಕೈ ಇಟ್ಟುಕೊಳ್ಳಲಿಲ್ಲ. ಒಂದು ಕಾಲುಚೀಲ ಕೊಳ್ಳಲಿಲ್ಲ. ಹುಟ್ಟಿದ ಮಗುಗೆ ಏನೂ ಇರಲಿಲ್ಲ. ಆದ್ರೂ ಅವಳು ಇವತ್ತಿಗೂ ಹೇಳ್ತಾಳೆ, 'ಐದು ತಿಂಗಳು ನನ್ನ ಮಗು ಜೊತೆ ನಾನು ಮಾತು ಬಿಟ್ಟಿದ್ದೆ' ಅಂತ." ಅವಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. "ನಾನು ದಿನಾ ಇದರ ಜೊತೆ ಇಲಿ ದನಿಯಲ್ಲಿ, ಅಜ್ಜಿ ದನಿಯಲ್ಲಿ ಮಾತಾಡ್ತೀನಿ. ಒಂದು ಸಂಖ್ಯೆ ನೋಡಿ ನಾನೂ ಬಾಯಿ ಮುಚ್ಕೊಂಡ್ಬಿಟ್ರೆ? ಆ ಭಯ ನನ್ನದು. ನೀನು ಕೇಳಿದ್ರೆ ತಾನೇ ಹೇಳೋದು?"

ಅವನು ಗೋಡೆಯ ಬುಡದಲ್ಲಿ ಬಿದ್ದಿದ್ದ ಪೆನ್ನು ಎತ್ತಿ ಅವಳ ಕೈಗಿಟ್ಟ.

"ತಪ್ಪಾಯ್ತು," ಎಂದ.

"ಆಗಿದೆ," ಎಂದಳು ಅವಳು. ಬಿಟ್ಟುಕೊಡಲಿಲ್ಲ.

*

ಮರುದಿನ ಹತ್ತು ಗಂಟೆಗೆ ನರ್ಸಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕನ್ನಡಕದ ಮೇಲಿನಿಂದ ಅವನನ್ನು ದಿಟ್ಟಿಸಿದಳು.

"ಅಲ್ಲ ಸರ್, ನಿಮ್ಮ ಭಯ ಹೃದಯದ್ದು. ಈ ಲೆಕ್ಕದ ಟೆಸ್ಟು, ಸೂಜಿ ಟೆಸ್ಟು, ಇವು ಹೃದಯ ನೋಡೋಕೆ ಇರೋವಲ್ಲ. ಅದನ್ನ ನೋಡೋದು ಐದನೇ ತಿಂಗಳ ಸ್ಕ್ಯಾನಲ್ಲಿ. ಅದರಲ್ಲೂ ತಂಗಿ ವಿಷಯ ಬರೆದಿದ್ರೆ, ಹೃದಯಕ್ಕೇ ಅಂತ ಬೇರೆ ಸ್ಕ್ಯಾನ್ ಮಾಡಿಸ್ತೀವಿ. ಐದು ಟಿಕ್ ಹಾಕಿ, ಬೇಕಾಗಿದ್ದ ಒಂದು ಸಾಲನ್ನೇ ಬಿಟ್ರಲ್ಲ!"

"ಕೇಳಿಸ್ತಾ ಇನ್ಸ್‌ಪೆಕ್ಟ್ರೇ?" ಅವಳ ಕಣ್ಣು ಮತ್ತೆ ಕೆಂಡವಾಯಿತು. "ನಿಮ್ಮ ಭಯಕ್ಕೆ ಸಂಬಂಧವೇ ಇಲ್ಲದ ಸೂಜಿ ನನಗೆ ಚುಚ್ಚಿಸ್ತಿದ್ರಿ!"

"ಕೇಳಿಸ್ತು."

"ಇನ್ನೊಂದು ಮಾತು," ಎಂದಳು ನರ್ಸಮ್ಮ. "ಸ್ಕ್ಯಾನಲ್ಲೂ ಎಲ್ಲಾ ಕಾಣುತ್ತೆ ಅಂತಿಲ್ಲ. ಆ ಭರವಸೆ ನಾನು ಕೊಡಲ್ಲ."

ಅವಳು ತನ್ನ ಚೀಲದಿಂದ ಹೊಸ ಫಾರಂ ಎಳೆದಳು. ಮಾಮೂಲಿ ರಕ್ತ ಪರೀಕ್ಷೆ, ಬೇಕು. ಐದನೇ ತಿಂಗಳ ಸ್ಕ್ಯಾನ್, ಬೇಕು. ಅದರ ಪಕ್ಕದಲ್ಲಿ ಅವಳೇ ಕೈಯಾರೆ ಬರೆದಳು, 'ಹೃದಯದ ಸ್ಕ್ಯಾನ್ ಕೂಡ'. ಕತ್ತಿನ ಅಳತೆ, ಸಾಧ್ಯತೆಯ ಲೆಕ್ಕ, ಸೂಜಿ, ಮೂರಕ್ಕೂ ಬೇಡ. ಅವನತ್ತ ನೋಡಿದಳು. ಅವನಿಗೆ ಕೈ ತುರಿಸುತ್ತಿತ್ತು, ಖಾಲಿ ಚೌಕಗಳನ್ನು ನೋಡಿ ಅಭ್ಯಾಸವಿಲ್ಲ. ಆದರೂ ತಲೆಯಾಡಿಸಿದ.

ಅವಳು ತನ್ನ ಜಾಗದಲ್ಲಿ ತಾನೇ ಸಹಿ ಮಾಡಿದಳು. ಆಮೇಲೆ ಕುಟುಂಬದ ಕಾಲಮ್ಮಿನ ಮೇಲೆ ಬೆರಳಿಟ್ಟು ಫಾರಂ ಅವನತ್ತ ತಳ್ಳಿದಳು.

ಅವನು ನಿಧಾನವಾಗಿ ಬರೆದ. 'ತಂಗಿ. ಹೃದಯ. ನಾಲ್ಕು ದಿನ.' ಕೊನೆಯ ಪದದ ಮೇಲೆ ಒಂದು ಹನಿ ಬಿದ್ದು ಶಾಯಿ ಹರಡಿತು. ನರ್ಸಮ್ಮ ಇದ್ದಕ್ಕಿದ್ದಂತೆ ಯಾವುದೋ ಫೈಲು ಹುಡುಕಲು ಹೊರಗೆ ಹೋದಳು.

ಅವನು ಕುರ್ಚಿ ಹತ್ತಿರ ಎಳೆದುಕೊಂಡ. ಅವಳ ಹೊಟ್ಟೆಯ ಕಡೆ ಬಗ್ಗಿದ. ಗಂಟಲು ಸರಿಮಾಡಿಕೊಂಡ.

"ನಮಸ್ಕಾರ," ಎಂದ.

ಅವಳಿಗೆ ನಗು ತಡೆಯಲಾಗಲಿಲ್ಲ. "ಥೂ! ಮೇಲಧಿಕಾರಿನಾ ಅದು? ಇರ್ಲಿ ಬಿಡು, ಅದಕ್ಕಿನ್ನೂ ಕೇಳಿಸಲ್ಲ."

"ಮತ್ತೆ ನೀನು ದಿನಾ ಮಾತಾಡ್ತೀಯ?"

"ನಾನು ನನಗೋಸ್ಕರ ಮಾತಾಡ್ತೀನಿ."

"ಹಾಗಾದ್ರೆ ನಾನು ಯಾರಿಗೆ ಹೇಳ್ಲಿ?"

"ನನಗೆ ಹೇಳು."

ಅವನು ತಲೆಯೆತ್ತಲಿಲ್ಲ. ಹಣೆಯನ್ನು ಅವಳ ಮಡಿಲಿಗೆ ಒತ್ತಿದ. "ತುಂಬಾ ಹೆದರಿಕೆ ಆಗ್ತಿದೆ ಕಣೇ."

"ನನಗೂ," ಎಂದಳು ಅವಳು. ಬೆರಳುಗಳು ಅವನ ಕೂದಲೊಳಗೆ ಇಳಿದವು.

"ಕೋಪ ಹೋಯ್ತಾ?"

"ಇಲ್ಲ. ಇನ್ನೂ ಆರು ತಿಂಗಳಿಗೆ ಆಗೋಷ್ಟಿದೆ."

"ಸರಿ... ಅಲ್ಲೀವರೆಗೂ ಹೀಗೇ ಇರ್ಲಾ?"

"ಏಳು ನೋಡೋಣ," ಎಂದಳು ಅವಳು, ಅವನ ತಲೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾ.