ಮುಚ್ಚಳದ ಕೆಳಗಿನ ಗೀಟು

ಪಂಪಿನಕ್ಕ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದಾಗ ಬೆಳಗಿನ ಏಳು ಗಂಟೆ. ಅತ್ತಿಗೆ ಒಂದು ಹೊಲಿಗೆ ಮಷಿನ್ ಬಿಚ್ಚಲು ಕೂತಿದ್ದರು. ಬಿಚ್ಚುವ ಮುನ್ನ ಕೂಡಿದ ಭಾಗಗಳ ಮೇಲೆ ಸೂಜಿಮೊನೆಯಿಂದ ಒಂದೇ ಗೀಟು ಎಳೆದುಕೊಳ್ಳುವುದು ಅವರ ಪದ್ಧತಿ. ಮತ್ತೆ ಜೋಡಿಸುವಾಗ ಗೀಟಿಗೆ ಗೀಟು ಸೇರಿದರಾಯಿತು, ಮಷಿನ್ ಮೊದಲಿನಂತೆಯೇ ಓಡುತ್ತದೆ.

ಅಣ್ಣ ತೀರಿಕೊಂಡ ಮೇಲೆ ಆ ರಿಪೇರಿ ಅಂಗಡಿ ಅತ್ತಿಗೆಯದೇ. ನಾನು ನಿವೃತ್ತ ಕಾಂಪೌಂಡರ್, ಲೆಕ್ಕಕ್ಕಿಲ್ಲದ ಮೈದುನ. ಜನ ಕೆಟ್ಟ ಮಷಿನ್ ತರುವ ನೆಪದಲ್ಲಿ ತಮ್ಮ ಮನೆಯ ಬಿಡಿಸಲಾಗದ ಗಂಟುಗಳನ್ನೂ ತರುತ್ತಿದ್ದರು. ಅತ್ತಿಗೆ ಎರಡನ್ನೂ ಬಿಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ತಪ್ಪು ಊಹೆ ಮಾಡುತ್ತಿದ್ದೆ.

ನಮ್ಮ ದಿಣ್ಣೆಯ ಬಡಾವಣೆಗೆ ಸರಕಾರ ಕಟ್ಟಿಸಿಕೊಟ್ಟ ನೀರಿನ ಪಂಪನ್ನು ಎರಡು ವರ್ಷದಿಂದ ಓಡಿಸುತ್ತಿದ್ದವಳು ಪಂಪಿನಕ್ಕ. ಕಟ್ಟಿದ ಇಲಾಖೆ ಅಂದು ಹತ್ತು ಗಂಟೆಗೆ ಅದನ್ನು ಬಡಾವಣೆಯ ನೀರಿನ ಸಮಿತಿಗೆ ಒಪ್ಪಿಸುವುದಿತ್ತು. ಬೆಳಿಗ್ಗೆ ಅವಳು ಹಸಿರು ಗುಂಡಿ ಒತ್ತಿದರೆ ಮೋಟಾರು ತಿರುಗಿತು, ನೀರು ಬರಲಿಲ್ಲ. ಸಮಿತಿಯ ಅಧ್ಯಕ್ಷರು ಬಂದು ತಗಡಿನ ಮುಚ್ಚಳ ಎತ್ತಿ ನೋಡಿದರೆ, ಮೋಟಾರನ್ನೂ ಪಂಪನ್ನೂ ಸೇರಿಸುವ ಕಪ್ಲಿಂಗಿನ ನಡುವಿನ ತುಂಡೇ ಮಾಯ. ಬೀಗ ಒಡೆದಿಲ್ಲ. ಇರುವ ಒಂದೇ ಕೀಲಿ ಪಂಪಿನಕ್ಕನ ಕೊರಳಲ್ಲಿದೆ. ರಾತ್ರಿ ಬಂದು ನೀನೇ ಬಿಚ್ಚಿ ಮಾರಿದ್ದೀಯ, ಇಲಾಖೆಯ ಸಾಹೇಬರು ಬಂದ ಮೇಲೆ ಪೊಲೀಸರ ಕೈಗೆ ಕೊಡುತ್ತೇನೆ ಎಂದು ಅಧ್ಯಕ್ಷರು ನಾಲ್ಕು ಜನರ ಎದುರಿಗೇ ಅಂದುಬಿಟ್ಟಿದ್ದರು.

"ಕೆಲಸ ಹೋದ್ರೆ ಹೋಗ್ಲಿ ಅಕ್ಕಾ. ನನ್ನ ಮಗಳು ಸ್ಕೂಲಿಗೆ ಹೆಂಗೆ ಹೋಗ್ತಾಳೆ? ಕಳ್ಳಿ ಮಗಳು ಅಂತಾರೆ."

ಅತ್ತಿಗೆ ಪಂಪು ಸರಿಯಾಗಿ ಓಡಿದ್ದು ಕೊನೆಗೆ ಯಾವಾಗ ಎಂದು ಕೇಳಿದರು. ನಿನ್ನೆ ಮಧ್ಯಾಹ್ನ, ಎಂದಳು ಅವಳು. ಒಪ್ಪಿಸುವ ಮುನ್ನ ಒಮ್ಮೆ ನೋಡಿಹೋಗಲು ಇಲಾಖೆಯ ಫಿಟ್ಟರ್ ಬಂದಿದ್ದ. ಅವಳೇ ಇನ್ನೂರು ಮೆಟ್ಟಿಲು ಹತ್ತಿ, ದಿಣ್ಣೆಯ ಮೇಲಿನ ತೊಟ್ಟಿಗೆ ನೀರು ಬೀಳುವುದನ್ನು ಕಣ್ಣಾರೆ ನೋಡಿ, ಬಿತ್ತು ಎಂದು ಕೂಗಿ ಹೇಳಿ ಇಳಿದು ಬಂದಿದ್ದಳು. ಅಷ್ಟರಲ್ಲಿ ಪಂಪು ನಿಲ್ಲಿಸಿ ಅವನು ಕೈ ತೊಳೆಯುತ್ತಿದ್ದ. ಅವನೆದುರೇ ಬೀಗ ಹಾಕಿದ್ದಳು.

"ಅಂದ್ರೆ ಕಳುವಾಗಿದ್ದು ರಾತ್ರಿನೇ," ಎಂದೆ ನಾನು.

"ನೀನು ಹೀಗಂದ ಮೇಲೆ ಇನ್ನೇನೋ ಇರಲೇಬೇಕು," ಎಂದರು ಅತ್ತಿಗೆ, ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ಪಂಪ್‌ಮನೆ ಒಂದೇ ಕೋಣೆ. ಬಾಗಿಲಾಚೆ ಖಾಲಿ ಕೊಡ ಹಿಡಿದ ಹೆಂಗಸರು ನಿಂತಿದ್ದರು. ಅತ್ತಿಗೆ ಬಗ್ಗಿ ಮೋಟಾರಿನ ಕಡೆಯ ಬಿಲ್ಲೆಯನ್ನೂ ಪಂಪಿನ ಕಡೆಯ ಬಿಲ್ಲೆಯನ್ನೂ ಸೀರೆಯ ಸೆರಗಿನಿಂದ ಒರೆಸಿದರು. ಎರಡರ ಅಂಚಿನಲ್ಲೂ ಒಂದೊಂದು ಗೀರು ಇತ್ತು. ಉಳಿದ ಕಬ್ಬಿಣ ಕಪ್ಪಾಗಿದ್ದರೂ ಗೀರು ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಾನು ಅದನ್ನು ನೋಡಿದೆ, ಅದರ ಅರ್ಥ ತಿಳಿಯಲಿಲ್ಲ.

ಹತ್ತಕ್ಕೆ ಜೀಪು ಬಂತು. ಸಾಹೇಬರು ಫೈಲು ಹಿಡಿದು ಇಳಿದರು, ಹಿಂದೆ ಚೀಲ ಹೊತ್ತ ಫಿಟ್ಟರ್. ಅಧ್ಯಕ್ಷರು ಪಂಪಿನಕ್ಕನ ಕಡೆ ಬೆರಳು ತೋರಿಸಿ ತಮ್ಮ ದೂರನ್ನು ಒಂದೇ ಉಸಿರಿಗೆ ಒಪ್ಪಿಸಿದರು. ಫಿಟ್ಟರನ ಮುಖ ಬಿಳಿಚಿಕೊಂಡಿತು. ಆದರೆ ಅವನು ಬಾಯಿ ತೆರೆಯಲಿಲ್ಲ.

"ಕಳ್ಳ ಬೋಲ್ಟುಗಳನ್ನೂ ಬಿಟ್ಟಿಲ್ಲ ನೋಡಿ," ಎಂದರು ಅತ್ತಿಗೆ, ಯಾರಿಗೂ ಅಲ್ಲದ ಹಾಗೆ.

ಎಲ್ಲರೂ ನೆಲ ನೋಡಿದರು. ಫಿಟ್ಟರ್ ಮಾತ್ರ ಮೂಲೆಯ ಗ್ರೀಸ್ ಡಬ್ಬಿಯತ್ತ ಒಮ್ಮೆ ಕಣ್ಣು ಹಾಯಿಸಿ ತಲೆ ತಗ್ಗಿಸಿದ.

ಅತ್ತಿಗೆ ಬಾಗಿಲು ಮುಂದೆ ಮಾಡಿಸಿ ನಮ್ಮನ್ನೆಲ್ಲ ಒಳಗೆ ನಿಲ್ಲಿಸಿಕೊಂಡರು. ಡಬ್ಬಿಯೊಳಗೆ ಕೈ ಹಾಕಿ ಒಂದೊಂದೇ ಬೋಲ್ಟನ್ನು ತೆಗೆದಿಟ್ಟರು. ಪ್ರತಿಯೊಂದಕ್ಕೂ ಅದರದೇ ವಾಷರು, ಅದರದೇ ನಟ್ಟು ತಿರುಗಿಸಿ ಹಾಕಿತ್ತು.

ಮಾರಲು ಬಿಚ್ಚಿದವನು ಬೋಲ್ಟಿಗೆ ಗ್ರೀಸು ಬಳಿದು ಜೋಪಾನ ಮಾಡುವುದಿಲ್ಲ ಎಂದರು ಅವರು. ಬಿಲ್ಲೆಗಳ ಮೇಲೆ ಹೊಸ ಗೀಟನ್ನೂ ಎಳೆದುಕೊಳ್ಳುವುದಿಲ್ಲ. ಗೀಟು ಎಳೆಯುವವನು ಮತ್ತೆ ಜೋಡಿಸುವವನು. ತಾವೇ ದಿನವೂ ಎಳೆಯುವ ಗೀಟದು, ಅದರ ಅರ್ಥ ತಮಗೆ ಗೊತ್ತು. ಇನ್ನು ಪಂಪಿನಕ್ಕನಿಗೆ ಇಲಾಖೆ ಕಲಿಸಿದ್ದು ಹಸಿರು ಗುಂಡಿ ಮತ್ತು ಕೆಂಪು ಗುಂಡಿ, ಅಷ್ಟೇ. ಅವಳ ಕೈಯಲ್ಲಿ ಸ್ಪ್ಯಾನರ್ ಕಂಡವರು ಯಾರಾದರೂ ಇದ್ದರೆ ಹೇಳಲಿ ಎಂದರು. ಅಧ್ಯಕ್ಷರು ಕೆಮ್ಮಿದರು.

"ಆದ್ರೆ ಬೀಗ?" ಎಂದರು ಸಾಹೇಬರು.

ಬೀಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರು ಅತ್ತಿಗೆ. ಎಲ್ಲರೂ ರಾತ್ರಿಯನ್ನು ಹುಡುಕುತ್ತಿದ್ದೇವೆ, ತುಂಡು ಹೋದದ್ದು ಹಾಡಹಗಲು. ನೀರು ಬಿತ್ತು ಎಂದು ಅವಳು ತೊಟ್ಟಿಯ ಹತ್ತಿರ ಕೂಗಿದ ಮೇಲೆ ಕಡಿದಾದ ಇನ್ನೂರು ಮೆಟ್ಟಿಲು ಇಳಿದು ಬರಲು ಹತ್ತು ನಿಮಿಷ. ಬಲ್ಲವನ ಕೈಗೆ ಅಷ್ಟು ಸಾಕು. ಮೇಲೆ ಮುಚ್ಚಳ ಹಾಕಿಬಿಟ್ಟರೆ ಅವಳಿಗೆ ಕಾಣುವುದೂ ಇಲ್ಲ.

ಆಮೇಲೆ ಅವರು ಫಿಟ್ಟರನ ಕಡೆ ತಿರುಗಿದರು. "ಚೀಲ ನಾನು ಬಿಚ್ಚಲ್ಲಪ್ಪ. ನೀನೇ ತೆಗಿ."

ಅವನು ಚೀಲದಿಂದ ಎಣ್ಣೆ ಕಾಗದದಲ್ಲಿ ಸುತ್ತಿದ್ದ ತುಂಡನ್ನು ತೆಗೆದು ನೆಲದ ಮೇಲಿಟ್ಟ.

"ಇಂಥ ಆರು ಪಂಪು ಒಪ್ಪಿಸಿ ಬಂದಿದೀನಿ ಅಕ್ಕಾ," ಎಂದ. "ಐದು ನಿಂತುಹೋದವು. ಒಂದರ ಪಂಪ್‌ಮನೆಯೊಳಗೆ ಸೌದೆ ತುಂಬಿದಾರೆ. ಕೆಟ್ಟಿದ್ದು ಈ ತುಂಡಿನೊಳಗಿನ ಒಂದು ಅಂಗೈಯಗಲ ರಬ್ಬರು, ಬದಲಾಯಿಸೋಕೆ ಗೊತ್ತಿರೋರು ಒಬ್ರೂ ಇರಲಿಲ್ಲ."

"ಆರನೇದು?" ಎಂದರು ಅತ್ತಿಗೆ.

"ಅಲ್ಲೊಬ್ಬ ದರ್ಜಿ ದಿನಾ ನನ್ನ ಪಕ್ಕ ಕೂತು ನೋಡ್ತಿದ್ದ. ಅದು ಇವತ್ತಿಗೂ ಓಡ್ತಿದೆ."

ಒಪ್ಪಿಸುವ ಕಾಗದಕ್ಕೆ ಸಹಿ ಬಿದ್ದ ಮೇಲೆ ಫಿಟ್ಟರ್ ಇತ್ತ ತಲೆ ಹಾಕುವಂತಿರಲಿಲ್ಲ. ಇಲ್ಲಿನವರಿಗೆ ಒಂದು ತಿಂಗಳು ಕೆಲಸ ಕಲಿಸುತ್ತೇನೆ ಎಂದು ಅವನು ಮೂರು ಸಲ ಬರೆದುಕೊಟ್ಟಿದ್ದ. ಯೋಜನೆಯಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಸಾಹೇಬರು ಮೂರು ಸಲವೂ ವಾಪಸು ಕಳಿಸಿದ್ದರು. ಪಂಪು ನಿಂತಿದ್ದರೆ ಒಪ್ಪಿಸುವುದು ಮುಂದಕ್ಕೆ ಹೋಗುತ್ತದೆ, ಆ ಸಮಯದಲ್ಲಿ ಕಲಿಸಬಹುದು ಎಂದು ಅವನು ಲೆಕ್ಕ ಹಾಕಿದ್ದ. ಅಪವಾದ ಯಾರ ತಲೆಗೆ ಬರುತ್ತದೆ ಎಂದು ಯೋಚಿಸಿರಲಿಲ್ಲ.

"ಬಂದ ಮೇಲೆ ಗೊತ್ತಾಯ್ತಲ್ಲ," ಎಂದಳು ಪಂಪಿನಕ್ಕ. "ಒಂದು ಮಾತು ಆಡಿದ್ರೆ ಸಾಕಿತ್ತು. ನಿಂತು ನೋಡಿದ್ರಿ."

ನನಗೆ ಫಿಟ್ಟರನ ಮೇಲೆ ಸಿಟ್ಟು ಬಂತು, ಜೊತೆಗೆ ಅಯ್ಯೋ ಅನಿಸಿತು.

ಸಾಹೇಬರು ಈಗಲೇ ಜೋಡಿಸು ಎಂದು ಫಿಟ್ಟರನನ್ನು ಗದರಿ, ಅಧ್ಯಕ್ಷರ ಮುಂದೆ ಫೈಲು ಬಿಚ್ಚಿದರು. ಅಧ್ಯಕ್ಷರು ಪೆನ್ನು ತೆಗೆದರು. ಪಂಪಿನಕ್ಕ ಅವರ ಎದುರಿಗೆ ಬಂದು ನಿಂತಳು.

"ಇದನ್ನ ಬಿಚ್ಚಿ ಸೇರಿಸೋಕೆ ನಂಗೆ ಬರೋವರೆಗೂ ಸಹಿ ಬೇಡ."

ಬೆಳಿಗ್ಗೆ ಅವಳನ್ನು ಕಳ್ಳಿ ಎಂದ ಮನುಷ್ಯನಿಗೆ ಇನ್ನೊಂದು ಸಲ ಅವಳ ಮುಖ ನೋಡಿ ಎದುರಾಡಲು ಆಗಲಿಲ್ಲ. ಪೆನ್ನು ಮತ್ತೆ ಜೇಬಿಗೆ ಹೋಯಿತು. ಸಾಹೇಬರು ಬೈದುಕೊಂಡೇ ಆರು ವಾರ ಗಡುವು ಬರೆದರು. ಅದೇ ಕೈಯಲ್ಲಿ ಫಿಟ್ಟರನನ್ನು ಅಮಾನತಿನಲ್ಲಿಟ್ಟರು.

ಕಲಿಸಲು ಇಲಾಖೆ ಯಾರನ್ನೂ ಕಳಿಸಲಿಲ್ಲ. ಅಮಾನತಿನಲ್ಲಿದ್ದ ಫಿಟ್ಟರನೇ ಪ್ರತಿ ಭಾನುವಾರ ಬಸ್ಸು ಹಿಡಿದು ಬಂದ. ಪಂಪಿನಕ್ಕ ಅವನನ್ನು ಒಳಗೆ ಕರೆಯಲಿಲ್ಲ. ಅವನು ಹೊಸ್ತಿಲಾಚೆ ಕೂತು ಹೇಳುತ್ತಿದ್ದ, ಅವಳು ಒಳಗೆ ಬಿಚ್ಚುತ್ತಿದ್ದಳು. ನಟ್ಟು ಬೋಲ್ಟು ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತಿರಲಿಲ್ಲ.

ಐದನೇ ವಾರ, ಒಂದು ಬುಧವಾರ, ಪಂಪು ನಿಂತಿತು ಎಂದು ಕೇಳಿ ಅತ್ತಿಗೆಯೂ ನಾನೂ ಓಡಿದೆವು. ರಬ್ಬರು ಸವೆದಿತ್ತಂತೆ. ನಾವು ಹೋಗುವಷ್ಟರಲ್ಲಿ ಪಂಪಿನಕ್ಕ ಕೊನೆಯ ಬೋಲ್ಟು ಬಿಗಿಯುತ್ತಿದ್ದಳು. ಫಿಟ್ಟರನ ಗೀಟಿನ ಪಕ್ಕದಲ್ಲಿ ಇನ್ನೊಂದು ಗೀಟು, ಸ್ವಲ್ಪ ಸೊಟ್ಟ. ಅತ್ತಿಗೆ ಅದರ ಮೇಲೆ ಬೆರಳಾಡಿಸಿದರು.

"ಫಿಟ್ಟರಣ್ಣನಿಗೆ ಹೇಳ್ಲಾ?" ಎಂದೆ.

"ಹೇಳಿ," ಎಂದಳು ಅವಳು. "ಇನ್ನು ಬರೋದು ಬೇಡ ಅಂತಲೂ ಹೇಳಿ."

ಮುಚ್ಚಳ ಹಾಕಿ ಹಸಿರು ಗುಂಡಿ ಒತ್ತಿದಳು. ಆಮೇಲೆ ತೊಟ್ಟಿಗೆ ನೀರು ಬಿತ್ತೇ ನೋಡಿ ಬನ್ನಿ ಎಂದು, ಇನ್ನೂರು ಮೆಟ್ಟಿಲು ನನ್ನನ್ನೇ ಹತ್ತಿಸಿದಳು.