ಹತ್ತಕ್ಕೆ ಮೂರು

"ಏನ್ ಟೀಚರ್, ಪುಟ ತಿರುಗಿಸೋಕೂ ಕೈ ನೋಯುತ್ತಾ?"

ಉತ್ತರಪತ್ರಿಕೆ ಅವಳ ಮೇಜಿನ ಮೇಲೆ ಧೊಪ್ಪೆಂದು ಬಿತ್ತು. ಮೌಲ್ಯಮಾಪನದ ಹಾಲ್‌ನಲ್ಲಿದ್ದ ನಲವತ್ತು ತಲೆಗಳೂ ಒಟ್ಟಿಗೆ ಎದ್ದವು.

ಎರಡು ವರ್ಷದ ಮೇಲೆ ಎದುರಾದ ಮನುಷ್ಯ ಆಡಿದ ಮೊದಲ ಮಾತೇ ಇದು!

ಆಗ ಇಬ್ಬರೂ ಒಂದೇ ಶಾಲೆಯಲ್ಲಿ ಭಾಷಾ ಶಿಕ್ಷಕರು. ಒಂದು ದಿನ ಅವಳ ಪುಸ್ತಕದೊಳಗೆ ಅವನ ಪತ್ರ ಸಿಕ್ಕಿತ್ತು. 'ನಿಮ್ಮ ಮುಖ ಚಂದ್ರನಂತೆ, ನಡೆ ಹಂಸದಂತೆ...' ಎರಡು ಹಾಳೆ ತುಂಬ ಅದೇ! ನಕ್ಕು ನಕ್ಕು ಸಾಕಾಗಿ, ಟೀಚರ್ ಕೈ ಸುಮ್ಮನಿರದೆ, ಮೊದಲ ಹಾಳೆಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದಳು: 'ಸವಕಲು ಉಪಮೆ. ಹತ್ತಕ್ಕೆ ಮೂರು.' ಕೊನೆಯಲ್ಲಿ ತನ್ನ ಉತ್ತರವನ್ನೂ ಬರೆದು ವಾಪಸ್ ಕೊಟ್ಟಿದ್ದಳು.

ಮರುವಾರವೇ ಅವನು ವರ್ಗ ಮಾಡಿಸಿಕೊಂಡು ಹೋದ. ಹಾ ಇಲ್ಲ, ಹೂ ಇಲ್ಲ. ಅವಳು ಕಾದಳು. ಬಂದ ಎರಡು ಸಂಬಂಧಗಳನ್ನು ಬೇಡವೆಂದು ಅಪ್ಪನ ಕೈಲಿ ಬೈಸಿಕೊಂಡೂ ಕಾದಳು.

ಈಗ ಅವನು ಮುಖ್ಯ ಪರೀಕ್ಷಕ, ಅವಳು ತಿದ್ದಿದ್ದನ್ನು ಮತ್ತೆ ನೋಡುವವನು. ಅವಳ ಕೆಂಪು ಪೆನ್ನಿನ ಮೇಲೆ ಅವನ ಹಸಿರು ಪೆನ್ನು.

"ನೀವು ಬಿಟ್ಟಿರೋ ಕೊನೇ ಪುಟ ಓದಿ. ಗಟ್ಟಿಯಾಗಿ."

ಅವಳು ಹಲ್ಲು ಕಚ್ಚಿ ಓದಿದಳು. "ಉಪಮೆ: ಅಪ್ಪನ ಗೊರಕೆ ಕೆಟ್ಟ ಮೋಟಾರಿನಂತಿದೆ. ರೂಪಕ: ಅಪ್ಪನ ಗೊರಕೆಯೇ ಕೆಟ್ಟ ಮೋಟಾರು. ಅತಿಶಯೋಕ್ತಿ: ಅಪ್ಪನ ಗೊರಕೆಗೆ ಪಕ್ಕದೂರು ಎದ್ದು ಕೂತಿತು."

ಯಾರೋ ಕಿಸಕ್ಕೆಂದರು.

"ಮೂರೂ ಸರಿ! ಆರು ಅಂಕ. ನೀವು ಕೊಟ್ಟಿದ್ದು ಸೊನ್ನೆ. ಈ ಮಗು ಫೇಲ್ ಆಗ್ತಿತ್ತು!"

"ತಪ್ಪಾಯ್ತು ಸರ್. ಕೊನೇ ಪುಟ ನೋಡಲಿಲ್ಲ."

"ನೋಡಲ್ಲ. ಕಮ್ಮಿ ಅಂಕ ಕೊಡೋದು ನಿಮಗೆ ಚಟ."

ಅವನು ಪರೀಕ್ಷಕರ ತಪ್ಪು ದಾಖಲಿಸುವ ರಿಜಿಸ್ಟರ್ ತೆರೆದ. ಹನ್ನೊಂದು ವರ್ಷದ ಅವಳ ಕೆಲಸಕ್ಕೆ ಮೊದಲ ಕಪ್ಪು ಚುಕ್ಕೆ!

ಪಕ್ಕದ ಮೇಜಿನಲ್ಲಿ ಎಲ್ಲರೂ ಅಕ್ಕ ಎನ್ನುವ ಹಿರಿಯ ಟೀಚರ್ ಕನ್ನಡಕ ಇಳಿಸಿದರು. "ಥೂ, ಏನ್ರಪ್ಪಾ, ಹಾವು ಮುಂಗುಸಿ ತರ ಕಚ್ಚಾಡ್ತೀರಾ!"

"ಅದು ಉಪಮೆ ಅಕ್ಕಾ," ಎಂದರು ಇಬ್ಬರೂ ಒಂದೇ ಉಸಿರಿಗೆ.

ಹಾಲ್ ಗೊಳ್ಳೆಂದಿತು. ಅವನ ಮುಖ ಇನ್ನಷ್ಟು ಬಿಗಿಯಿತು. ಬಗ್ಗಿ, ಅವಳಿಗಷ್ಟೇ ಕೇಳುವಂತೆ ಹೇಳಿದ. "ಎರಡು ಹಾಳೆ ಬರೆದವನಿಗೆ ಮೂರು ಅಂಕ ಬಿಸಾಕಿದ್ರಿ. ಒಂದು ಸಾಲು ಉತ್ತರ ಕೊಡೋಕೂ ನಾನು ಲಾಯಕ್ಕಿರಲಿಲ್ಲ, ಅಲ್ವಾ?"

ಅವಳು ತಟ್ಟನೆ ತಲೆ ಎತ್ತಿದಳು. 'ಒಂದು ಸಾಲಾ? ಹಾಗಾದ್ರೆ ಇವರು...'

"ಸರ್... ಎರಡನೇ ಹಾಳೆ ಹಿಂದುಗಡೆ ನೋಡಿದ್ರಾ?"

ಅವನ ಪೆನ್ನು ನಿಂತಿತು.

"ಮೊದಲನೇದು ನೋಡಿದ್ದೇ ಲಕೋಟೆಗೆ ತುರುಕಿ ಅಂಟಿಸಿಬಿಟ್ಟೆ."

"ಎಲ್ಲಿ ಎಸೆದ್ರಿ?"

ಅವನು ಬ್ಯಾಗಿನ ಒಳಜೇಬಿಗೆ ಕೈ ಹಾಕಿದ. ಅಂಚು ಸವೆದ ಲಕೋಟೆ... ಎಸೆದಿರಲಿಲ್ಲ! ಬೆರಳಲ್ಲೇ ಹರಿದ, ಎರಡನೇ ಹಾಳೆ ಮಗುಚಿದ. ಕೆಂಪು ಶಾಯಿ ಸ್ವಲ್ಪ ಮಂಕಾಗಿತ್ತು.

'ಚಂದ್ರ, ಹಂಸ ಎಲ್ಲ ತೆಗೆದು ಮತ್ತೆ ಬರೆದು ತನ್ನಿ. ಉತ್ತರ ಮಾತ್ರ ಈಗಲೇ ಹೇಳಿಬಿಡ್ತೀನಿ. ಒಪ್ಪಿಗೆ.'

ಅವನು ಕುರ್ಚಿ ಎಳೆದು ಕುಸಿದ. ನಲವತ್ತು ತಲೆಗಳು ಲಗುಬಗೆಯಿಂದ ಪತ್ರಿಕೆಗಳ ಮೇಲೆ ಬಗ್ಗಿದವು, ಕಿವಿ ಮಾತ್ರ ಇತ್ತಲೇ!

"ಬರೀರಿ ಸರ್," ಎಂದಳು, ರಿಜಿಸ್ಟರ್ ಮುಂದೆ ತಳ್ಳಿ. "ಪುಟ ನೋಡದೆ ಬಿಟ್ಟಿದ್ದು ತಪ್ಪೇ."

"ಬರೀತೀನಿ. ಕೆಳಗೆ ನನ್ನ ಹೆಸರೂ ಬರೀತೀನಿ, ನಾನೂ ಪುಟ ನೋಡದೆ ಬಿಟ್ಟವನೇ." ಪತ್ರ ಮಡಿಚಿ ತಲೆ ಎತ್ತಿದ. "ಟೀಚರ್... ನೀವು ನೆನಪಾಗದ ದಿನ ಒಂದೂ ಇಲ್ಲ."

"ಅತಿಶಯೋಕ್ತಿ," ಎಂದಳು, ಕಣ್ಣೊರೆಸಿಕೊಳ್ಳುತ್ತಾ.

"ಅಲ್ಲ. ಇದ್ದದ್ದು ಇದ್ದ ಹಾಗೆ."

"ಹಾಗಾದ್ರೆ ಸಂಜೆ ಮನೆಗೆ ಬನ್ನಿ. ಅಪ್ಪನ ಹತ್ರಾನೂ ಹೀಗೇ ಹೇಳಿ... ಹಂಸ ಗಿಂಸ ಬೇಡ!"